ಡಿಸ್ಕ್ರೀಟ್ ಮ್ಯಾಥ್ಸ್: ಲೆಕ್ಕ ಬರುತ್ತೆ, ವಾಕ್ಯ ಅರ್ಥ ಆಗಲ್ಲ. ಎಲ್ಲಿಂದ ಶುರು ಮಾಡಲಿ?

ಎರಡನೇ ಬೆಂಚು

ಎಲ್ಲರಿಗೂ ನಮಸ್ಕಾರ. ನಾನು ಕಂಪ್ಯೂಟರ್ ಸೈನ್ಸ್ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಹಾವೇರಿ ಹತ್ತಿರದ ಊರು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪಿಯುಸಿಯಲ್ಲಿ ಗಣಿತ ಅಂದರೆ ಪ್ರಾಣ. ಇಂಟಿಗ್ರೇಷನ್ ಲೆಕ್ಕ ಹಿಡಿದರೆ ಊಟದ ಹೊತ್ತು ಮರೆಯುತ್ತಿದ್ದೆ. ಈಗ ಡಿಸ್ಕ್ರೀಟ್ ಮ್ಯಾಥ್ಸ್ (ಲಾಜಿಕ್, ಎಣಿಕೆ, ಗ್ರಾಫ್ ಎಲ್ಲ ಇರುವ ಗಣಿತ) ಶುರುವಾಗಿ ಆರು ವಾರ ಆಯಿತು. ಮೊದಲ ಇಂಟರ್ನಲ್ಸ್‌ನಲ್ಲಿ 30ಕ್ಕೆ 11 ಬಂತು.

ಎಲ್ಲಿ ಸಿಕ್ಕಿಕೊಂಡಿದ್ದೇನೆ ಅಂತ ಹೇಳುತ್ತೇನೆ. ಟ್ರೂತ್ ಟೇಬಲ್ (ನಿಜ-ಸುಳ್ಳಿನ ಪಟ್ಟಿ) ಕೊಟ್ಟರೆ ತುಂಬಿಸುತ್ತೇನೆ. ಆದರೆ 'ಪಿ ಆದರೆ ಕ್ಯೂ' ಅನ್ನುವುದರಲ್ಲಿ ಪಿ ಸುಳ್ಳಾದರೆ ಇಡೀ ಮಾತು ನಿಜ ಅಂತಾರಲ್ಲ, ಅದನ್ನು ಮನಸ್ಸು ಒಪ್ಪುತ್ತಿಲ್ಲ. ಇಂಗ್ಲಿಷ್‌ನಲ್ಲಿ 'ಇಫ್' ಬೇರೆ, 'ಓನ್ಲಿ ಇಫ್' ಬೇರೆ ಅಂತಾರೆ. ಪರೀಕ್ಷೆಯಲ್ಲಿ ಎರಡನ್ನೂ ಅದಲುಬದಲು ಮಾಡಿ ಬರೆದೆ. ಒಂದು ಸಂಖ್ಯೆಯಿಂದ ಮುಂದಿನದಕ್ಕೆ ಹೆಜ್ಜೆ ಹಾಕಿ ಸಾಧಿಸುವ ಇಂಡಕ್ಷನ್‌ನಲ್ಲಿ ಸಾಧಿಸಬೇಕಾದದ್ದನ್ನೇ ಮೊದಲು ನಿಜ ಅಂತ ಇಟ್ಟುಕೊಂಡ ಹಾಗೆ ಕಾಣುತ್ತದೆ. ಎಣಿಸುವ ಲೆಕ್ಕದಲ್ಲಿ ಪರ್ಮ್ಯುಟೇಶನ್ (ಕ್ರಮವೂ ಲೆಕ್ಕಕ್ಕೆ ಬರುವುದು) ಹಾಕಬೇಕೋ ಕಾಂಬಿನೇಶನ್ (ಬರೀ ಆಯ್ಕೆ) ಹಾಕಬೇಕೋ ಗೊತ್ತಾಗಲ್ಲ.

ಪಾಸಾಗುವ ದಾರಿ ಕೇಳುತ್ತಿಲ್ಲ. ಅರ್ಥ ಮಾಡಿಕೊಳ್ಳಬೇಕು ಅಂತ ಆಸೆ. ದಯವಿಟ್ಟು ಕನ್ನಡದಲ್ಲೇ ಹೇಳಿ.

ಬೆಳಗಿನ ಬಸ್ಸು

ಹಳೆಯ ಐದು ವರ್ಷದ ಪ್ರಶ್ನೆಪತ್ರಿಕೆ ತಗೊಳ್ಳಿ. ತಿರುಗಿ ತಿರುಗಿ ಅವೇ ಪ್ರಶ್ನೆ ಬರುತ್ತವೆ. ಉತ್ತರ ಬಾಯಿಪಾಠ ಮಾಡಿ. ನಾನು ಹಾಗೇ ದಾಟಿದ್ದು. ಕೆಲಸಕ್ಕೆ ಸೇರಿದ ಮೇಲೆ ಇದೇನೂ ಬೇಕಾಗಲ್ಲ.

ರಾತ್ರಿ ಪಾಳಿ

ಬೇಕಾಗುತ್ತೆ ಅಣ್ಣ. ನನಗೆ ಬೇಕಾಯಿತು. ಆ ಕಥೆ ಆಮೇಲೆ ಬರೆಯುತ್ತೇನೆ, ಈಗ ಪಾಳಿ ಶುರುವಾಗುತ್ತಿದೆ.

ಗೆರೆ ಚುಕ್ಕಿ

ನಾನು ಈ ವಿಷಯವನ್ನು 19 ವರ್ಷದಿಂದ ಪಾಠ ಮಾಡುತ್ತಿದ್ದೇನೆ. ನಿಮಗೆ ಗಣಿತದಲ್ಲಿ ತೊಂದರೆ ಇಲ್ಲ. ನಿಮ್ಮ ಪ್ರಶ್ನೆ ಬರೆದ ರೀತಿಯಲ್ಲೇ ಅದು ಗೊತ್ತಾಗುತ್ತದೆ. ತೊಡಕಿರುವುದು ಮಾತಿನಲ್ಲಿ. ಈ ವಿಷಯದ ಮೊದಲ ಎರಡು ತಿಂಗಳು ನಿಜಕ್ಕೂ ವ್ಯಾಕರಣದ ಪಾಠ. ಆ ವ್ಯಾಕರಣವನ್ನು ನೀವು ಕನ್ನಡದಲ್ಲಿ ಆಗಲೇ ಕಲಿತಿದ್ದೀರಿ. ಅದನ್ನು ಬಳಸಿ ಅಂತ ಯಾರೂ ಹೇಳಿಲ್ಲ, ಅಷ್ಟೇ.

ಮೊದಲು 'ಆದರೆ'. ಬಸ್ಸಿನಲ್ಲಿ ಒಂದು ನಿಯಮ ಇದೆ ಅಂದುಕೊಳ್ಳಿ: ವಯಸ್ಸು 12 ದಾಟಿದ್ದರೆ ಫುಲ್ ಟಿಕೆಟ್ ಇರಬೇಕು. ಚೆಕಿಂಗ್‌ನವರು ಹತ್ತುತ್ತಾರೆ. ಬಸ್ಸಿನಲ್ಲಿ ನಾಲ್ಕು ಜನ. ಒಬ್ಬರು ನೋಡಿದರೇ ಗೊತ್ತಾಗುವ ದೊಡ್ಡವರು. ಒಂದು ಪುಟ್ಟ ಮಗು. ಒಬ್ಬ ಹುಡುಗನ ಕೈಯಲ್ಲಿ ಹಾಫ್ ಟಿಕೆಟ್ ಕಾಣುತ್ತಿದೆ, ವಯಸ್ಸು ಗೊತ್ತಿಲ್ಲ. ಇನ್ನೊಬ್ಬನ ಕೈಯಲ್ಲಿ ಫುಲ್ ಟಿಕೆಟ್, ವಯಸ್ಸು ಗೊತ್ತಿಲ್ಲ. ಯಾರನ್ನು ವಿಚಾರಿಸಬೇಕು?

ದೊಡ್ಡವರ ಟಿಕೆಟ್ ನೋಡಬೇಕು. ಹಾಫ್ ಟಿಕೆಟ್ ಹುಡುಗನ ವಯಸ್ಸು ಕೇಳಬೇಕು. ಉಳಿದ ಇಬ್ಬರ ತಂಟೆಗೆ ಹೋಗುವುದೇ ಬೇಡ. ಪುಟ್ಟ ಮಗುವಿನ ಹತ್ತಿರ ಫುಲ್ ಟಿಕೆಟ್ ಇದ್ದರೂ ನಿಯಮ ಮುರಿದಿಲ್ಲ, ಹಾಫ್ ಇದ್ದರೂ ಮುರಿದಿಲ್ಲ. ನಿಮ್ಮನ್ನು ಕಾಡುತ್ತಿರುವ ಟೇಬಲ್‌ನ ಆ ಎರಡು ಸಾಲು ಇವೇ. 'ನಿಜ' ಅಂತ ಬರೆಯುವಾಗ 'ನಿಯಮ ಮುರಿದಿಲ್ಲ' ಅಂತ ಓದಿಕೊಳ್ಳಿ. ಹಾಫ್ ಟಿಕೆಟ್ ಹುಡುಗನನ್ನು ಯಾಕೆ ಕೇಳಿದೆವು? ಫುಲ್ ಟಿಕೆಟ್ ಇಲ್ಲದಿದ್ದರೆ ವಯಸ್ಸು 12 ದಾಟಿರಬಾರದು. ಇದು ಕಾಂಟ್ರಾಪಾಸಿಟಿವ್. ಮೂಲ ನಿಯಮವನ್ನೇ ಹಿಂದಿನಿಂದ ಓದಿದ್ದು.

ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞ 1966ರಲ್ಲಿ ಇದೇ ಒಗಟನ್ನು ಅಕ್ಷರ ಮತ್ತು ಅಂಕಿ ಬರೆದ ನಾಲ್ಕು ಕಾರ್ಡ್ ಇಟ್ಟು ಕೇಳಿದರು. ಹೆಚ್ಚಿನವರು ತಪ್ಪಿದರು. ಆಮೇಲೆ ಬೇರೆಯವರು ಅದನ್ನೇ ವಯಸ್ಸಿನ ನಿಯಮವಾಗಿ ಕೇಳಿದಾಗ ಹೆಚ್ಚಿನವರು ಸರಿಯಾಗಿ ಹೇಳಿದರು. ಲಾಜಿಕ್ ಅದೇ, ಬದಲಾದದ್ದು ಮಾತು ಮಾತ್ರ. ಹಾಗಾಗಿ ಪಿ, ಕ್ಯೂ ನೋಡಿ ತಲೆ ಓಡದಿದ್ದರೆ ಬೇಜಾರು ಬೇಡ.

ಇನ್ನು 'ಓನ್ಲಿ ಇಫ್'. ಈ ಎರಡು ವಾಕ್ಯ ನೋಡಿ. 'ಪಾಸ್ ಇದ್ದರೆ ಒಳಗೆ ಬಿಡುತ್ತಾರೆ.' 'ಪಾಸ್ ಇದ್ದರೆ ಮಾತ್ರ ಒಳಗೆ ಬಿಡುತ್ತಾರೆ.' ಮೊದಲನೆಯದರಲ್ಲಿ ಬಾಣ ('ಇದಾದರೆ ಅದು' ಅನ್ನುವ ಗುರುತು) 'ಪಾಸ್'ನಿಂದ 'ಒಳಗೆ' ಕಡೆಗೆ ಹೋಗುತ್ತದೆ. ಎರಡನೆಯದರಲ್ಲಿ ಒಳಗಿರುವವರನ್ನು ನೋಡಿ 'ಇವರ ಹತ್ತಿರ ಪಾಸ್ ಇದೆ' ಅನ್ನಬಹುದು. ಬಾಣ ತಿರುಗಿತು. ಅದನ್ನು ತಿರುಗಿಸಿದ್ದು 'ಮಾತ್ರ' ಅನ್ನುವ ಒಂದೇ ಮಾತು. ಎರಡನೆಯ ವಾಕ್ಯ ಪಾಸ್ ಇದ್ದವರನ್ನೆಲ್ಲ ಬಿಟ್ಟೇ ಬಿಡುತ್ತಾರೆ ಅಂತ ಮಾತು ಕೊಟ್ಟಿಲ್ಲ. ಇಂಗ್ಲಿಷ್ ಪ್ರಶ್ನೆಯಲ್ಲಿ 'ಓನ್ಲಿ ಇಫ್' ಕಂಡ ಕೂಡಲೇ ಮನಸ್ಸಿನಲ್ಲಿ 'ಆದರೆ ಮಾತ್ರ' ಅಂತ ಓದಿ.

ನನಗೆ ತುಂಬಾ ಇಷ್ಟವಾದದ್ದು ಈಗ ಬರುತ್ತದೆ. ಕನ್ನಡದಲ್ಲಿ ಪದದ ಕೊನೆಗೆ 'ಊ' ಮತ್ತು 'ಓ' ಸೇರಿಸುತ್ತೇವಲ್ಲ? 'ರೊಟ್ಟಿಯೂ ಚಪಾತಿಯೂ ಇದೆ' ಅಂದರೆ ಎರಡೂ ಇದೆ. 'ರೊಟ್ಟಿಯೋ ಚಪಾತಿಯೋ ಇದೆ' ಅಂದರೆ ಎರಡರಲ್ಲಿ ಒಂದು. ಊ ಅಂದರೆ 'ಮತ್ತು', ಓ ಅಂದರೆ 'ಅಥವಾ'. ಈಗ 'ಎಲ್ಲರೂ' ನೋಡಿ, ಕೊನೆಗೆ ಊ. 'ಯಾರೋ' ನೋಡಿ, ಕೊನೆಗೆ ಓ. 'ಎಲ್ಲರೂ ಬಂದರು' ಅಂದರೆ ಒಂದನೆಯವರೂ ಬಂದರು, ಎರಡನೆಯವರೂ ಬಂದರು, 60ನೆಯವರೂ ಬಂದರು. ಉದ್ದದ 'ಮತ್ತು'. 'ಯಾರೋ ಬಂದರು' ಅಂದರೆ ಒಂದನೆಯವರೋ, ಎರಡನೆಯವರೋ, 60ನೆಯವರೋ. ಉದ್ದದ 'ಅಥವಾ'. ನಿಮ್ಮ ಪುಸ್ತಕದಲ್ಲಿ ತಲೆಕೆಳಗಾದ ಎ ಮತ್ತು ತಿರುಗಿ ನಿಂತ ಇ ಅಂತ ಎರಡು ಗುರುತು ಇವೆಯಲ್ಲ, ಅವು ಈ ಊ ಮತ್ತು ಓ.

ಇದನ್ನು ಇಲ್ಲ ಅನ್ನಿ. 'ರೊಟ್ಟಿಯೋ ಚಪಾತಿಯೋ ಇದೆ' ಸುಳ್ಳಾದರೆ? 'ರೊಟ್ಟಿಯೂ ಇಲ್ಲ, ಚಪಾತಿಯೂ ಇಲ್ಲ.' 'ಯಾರೋ ಬಂದರು' ಸುಳ್ಳಾದರೆ? 'ಯಾರೂ ಬರಲಿಲ್ಲ.' ಎರಡು ಕಡೆಯೂ ಓ ಹೋಗಿ ಊ ಬಂತು. 'ಎಲ್ಲರೂ ಬಂದರು' ಸುಳ್ಳಾದರೆ 'ಯಾರೋ ಒಬ್ಬರು ಬಂದಿಲ್ಲ', ಊ ಹೋಗಿ ಓ ಬಂತು. 'ಮತ್ತು', 'ಅಥವಾ'ಗಳನ್ನು ಇಲ್ಲ ಅನ್ನುವುದಕ್ಕೆ ಡಿ ಮಾರ್ಗನ್ ನಿಯಮ ಅಂತ ಒಂದು ಪಾಠ, 'ಎಲ್ಲರೂ', 'ಯಾರೋ' ಥರದ ಮಾತುಗಳನ್ನು ಇಲ್ಲ ಅನ್ನುವುದಕ್ಕೆ ಕ್ವಾಂಟಿಫೈಯರ್ ನಿರಾಕರಣೆ ಅಂತ ಇನ್ನೊಂದು ಪಾಠ ಮಾಡಿದ್ದಾರೆ. ಎರಡೂ ಒಂದೇ. ಅಂದ ಹಾಗೆ, ಅಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು ಮಧುರೈಯಲ್ಲಿ, 1806ರಲ್ಲಿ.

ಒಂದು ಎಚ್ಚರಿಕೆ. 'ಎಲ್ಲರೂ ಬರಲಿಲ್ಲ' ಅನ್ನುವ ವಾಕ್ಯವನ್ನು ಸಾಧನೆಯಲ್ಲಿ (ಪ್ರೂಫ್‌ನಲ್ಲಿ) ಯಾವತ್ತೂ ಬರೆಯಬೇಡಿ. ಒಬ್ಬರೂ ಬರಲಿಲ್ಲ ಅಂತಲೂ ಆಗುತ್ತದೆ, ಕೆಲವರು ಬಂದಿಲ್ಲ ಅಂತಲೂ ಆಗುತ್ತದೆ. ಇನ್ನೊಂದು, ಮನೆಯಲ್ಲಿ 'ಕಾಫಿಯೋ ಟೀಯೋ' ಅಂದರೆ ಒಂದನ್ನೇ ಆರಿಸಬೇಕು. ಲಾಜಿಕ್‌ನ 'ಅಥವಾ'ದಲ್ಲಿ ಎರಡೂ ಇದ್ದರೂ ನಡೆಯುತ್ತದೆ.

ನಿಮಗೊಂದು ಕೆಲಸ. 'ಪ್ರತಿ ಬೀಗಕ್ಕೂ ಒಂದು ಬೀಗದ ಕೈ ಇದೆ.' ಇದನ್ನು ಸುಳ್ಳು ಅನ್ನಲು ಏನು ಹೇಳಬೇಕು?

ಎರಡನೇ ಬೆಂಚು

ಮೇಡಂ, ಇದನ್ನು ಮೂರು ಸಲ ಓದಿದೆ. 'ಊ' ಮತ್ತು 'ಓ' ವಿಷಯ ರೂಮ್‌ಮೇಟ್‌ಗೂ ಓದಿ ಹೇಳಿದೆ.

ಬೀಗದ್ದಕ್ಕೆ ಮೊದಲು 'ಯಾವ ಬೀಗಕ್ಕೂ ಕೈ ಇಲ್ಲ' ಅಂತ ಬರೆದೆ. ಆಮೇಲೆ ಚೆಕಿಂಗ್‌ನವರ ಹಾಗೆ ಯೋಚಿಸಿದೆ. ಆ ಮಾತು ಮುರಿಯಲು ಒಂದು ಬೀಗ ಸಾಕಲ್ಲ? ಹಾಗಾಗಿ ಹೊಡೆದು ಹಾಕಿ 'ಯಾವ ಕೈಯಿಂದಲೂ ತೆರೆಯದ ಬೀಗ ಯಾವುದೋ ಒಂದಿದೆ' ಅಂತ ಬರೆದೆ. ಸರಿನಾ?

ಗೆರೆ ಚುಕ್ಕಿ

ಸರಿ. ಹೊಡೆದು ಹಾಕಿದ ವಾಕ್ಯವನ್ನೂ ನೋಟ್‌ಬುಕ್ಕಿನಲ್ಲಿ ಉಳಿಸಿಕೊಳ್ಳಿ. ಇದಕ್ಕೆ ಇನ್ನೊಂದನ್ನು ಹೋಲಿಸಿ: 'ಎಲ್ಲ ಬೀಗಕ್ಕೂ ಆಗುವ ಒಂದು ಬೀಗದ ಕೈ ಇದೆ.' ಮೊದಲನೆಯದು ಎಲ್ಲರ ಮನೆಯಲ್ಲೂ ನಡೆಯುವ ವಿಷಯ. ಎರಡನೆಯದು ನಿಜವಾದರೆ ಊರಿಗೆ ಊರೇ ಬೀಗ ಬದಲಿಸಬೇಕು. ಎರಡು ಕ್ವಾಂಟಿಫೈಯರ್‌ಗಳ ಜಾಗ ಅದಲುಬದಲಾದರೆ ಆಗುವ ವ್ಯತ್ಯಾಸ ಇದು.

ರಾತ್ರಿ ಪಾಳಿ

ಈಗ ನನ್ನ ಕಥೆ. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಬಾಕಿ ಇರುವ ಗ್ರಾಹಕರಿಗೆ ನೆನಪಿನ ಮೇಲ್ ಕಳಿಸುವ ಪ್ರೋಗ್ರಾಂ ನನ್ನ ಪಾಲಿಗೆ ಬಂತು. ಹಣ ಕಟ್ಟಿದವರನ್ನೂ ಆರ್ಡರ್ ರದ್ದು ಮಾಡಿದವರನ್ನೂ ಬಿಡಬೇಕು. ನಾನು ಹಾಕಿದ ಷರತ್ತು ಹೀಗಿತ್ತು: ಸ್ಥಿತಿ 'ಕಟ್ಟಿದೆ' ಅಲ್ಲ, ಅಥವಾ ಸ್ಥಿತಿ 'ರದ್ದು' ಅಲ್ಲ.

ಓದಲು ಸರಿ ಅನಿಸುತ್ತದೆ. ಆದರೆ ಇದು ಯಾವಾಗಲೂ ನಿಜ. ಕಟ್ಟಿದವರ ಸ್ಥಿತಿ 'ರದ್ದು' ಅಲ್ಲ. ರದ್ದು ಮಾಡಿದವರ ಸ್ಥಿತಿ 'ಕಟ್ಟಿದೆ' ಅಲ್ಲ. ಹಾಗಾಗಿ ಎಲ್ಲರಿಗೂ ಮೇಲ್ ಹೋಯಿತು. ಹಣ ಕಟ್ಟಿದ ಹಿರಿಯರೊಬ್ಬರು ಫೋನ್ ಮಾಡಿ ನಡುಗುವ ದನಿಯಲ್ಲಿ 'ನಾನು ಕಟ್ಟಿದೀನಪ್ಪಾ' ಅಂದರು. ಅದು ಇನ್ನೂ ಕಿವಿಯಲ್ಲಿದೆ.

ಮೇಡಂ ಬರೆದದ್ದು ಓದಿದಾಗ ಹೊಳೆಯಿತು. ಆ ದಿನ ನಾನು ಕನ್ನಡದಲ್ಲಿ ಹೇಳಿಕೊಂಡಿದ್ದರೆ 'ಕಟ್ಟಿದ್ದೂ ಅಲ್ಲ, ರದ್ದೂ ಅಲ್ಲ' ಅನ್ನುತ್ತಿದ್ದೆ. ಎರಡು ಊ. ಅಲ್ಲಿ 'ಮತ್ತು' ಬೇಕು ಅಂತ ನಾಲಿಗೆಗೆ ಗೊತ್ತಿತ್ತು.

ಇನ್ನೊಂದು ಸಣ್ಣ ವಿಷಯ. ಪೈಥಾನ್ ಭಾಷೆಯಲ್ಲಿ, ಎಲ್ಲವೂ ನಿಜವೇ ಅಂತ ನೋಡುವ 'ಆಲ್' ಫಂಕ್ಷನ್‌ಗೆ ಖಾಲಿ ಲಿಸ್ಟ್ ಕೊಟ್ಟು ನೋಡಿ, ಟ್ರೂ ಬರುತ್ತದೆ. ಯಾವುದಾದರೂ ಒಂದು ನಿಜವೇ ಅಂತ ನೋಡುವ 'ಎನಿ'ಗೆ ಕೊಟ್ಟರೆ ಫಾಲ್ಸ್. ಖಾಲಿ ಬಸ್ಸಿನಲ್ಲಿ ಟಿಕೆಟ್ ನಿಯಮ ಮುರಿದವರು ಯಾರೂ ಇಲ್ಲ, ಅದೇ ಲೆಕ್ಕ.

ಬೆಳಗಿನ ಬಸ್ಸು

ಸರಿ, ನನ್ನ ಮಾತು ಹಿಂದಕ್ಕೆ ತಗೊಳ್ಳುತ್ತೇನೆ. ನನ್ನ ಕೋಡ್‌ನಲ್ಲೂ ಅಂಥ 'ಅಥವಾ' ಎಲ್ಲೋ ಇದೆಯಾ ಅಂತ ಇವತ್ತು ಹುಡುಕುತ್ತೇನೆ.

ಕವಡೆ

ತಂಗಿ, ಎಣಿಸುವುದಕ್ಕೆ ಬರೋಣ. ಮನೆಯಲ್ಲಿ ಚೌಕಾಬಾರ ಆಡಿದ್ದೀಯಾ? ನಾಲ್ಕು ಕವಡೆ ಹಾಕುತ್ತೇವೆ. ಬಾಯಿ ಮೇಲಾಗಿ ಬಿದ್ದದ್ದು ಎಣಿಸುತ್ತೇವೆ. ನಾಲ್ಕೂ ಮೇಲಾದರೆ ಚೌಕ. ನಾಲ್ಕೂ ಕವುಚಿ ಬಿದ್ದರೆ ಬಾರ, ಎಂಟು ಮನೆ. ಫಲಿತಾಂಶ ಎಷ್ಟು ಬಗೆ? ಒಂದು, ಎರಡು, ಮೂರು, ಚೌಕ, ಬಾರ. ಐದು ಅಲ್ವಾ?

ಈಗ ನಾಲ್ಕು ಕವಡೆಗೆ ಬೇರೆ ಬೇರೆ ಬಣ್ಣ ಬಳಿ. ಪ್ರತಿಯೊಂದಕ್ಕೂ ಎರಡು ದಾರಿ. 2 × 2 × 2 × 2 = 16. ಐದು ಯಾಕೆ 16 ಆಯಿತು? 'ಎರಡು' ಬೀಳುವುದು ಒಂದೇ ಬಗೆಯಲ್ಲಿ ಅಲ್ಲ. ಕೆಂಪು-ಹಸಿರು ಮೇಲಾಗಬಹುದು, ಕೆಂಪು-ನೀಲಿ ಮೇಲಾಗಬಹುದು. ಬರೆದು ನೋಡು, ಆರು ಬರುತ್ತದೆ. ಬಾರಕ್ಕೆ 1, ಒಂದಕ್ಕೆ 4, ಎರಡಕ್ಕೆ 6, ಮೂರಕ್ಕೆ 4, ಚೌಕಕ್ಕೆ 1. ಕೂಡಿದರೆ 16. ಎರಡು ಜಾಸ್ತಿ ಬೀಳುತ್ತದೆ, ಬಾರ ಅಪರೂಪ ಅಂತ ಅಜ್ಜಿಗೆ ಗೊತ್ತಿರುತ್ತದೆ. ನಿಜವಾದ ಕವಡೆ ನಾಣ್ಯದ ಹಾಗೆ ಎರಡು ಕಡೆಗೂ ಸಮ ಬೀಳುವುದಿಲ್ಲ, ಆದ್ದರಿಂದ ಇದು ಸಂಭವದ ಲೆಕ್ಕ ಆಗಲಿಲ್ಲ. ಬಗೆಗಳ ಎಣಿಕೆ ಮಾತ್ರ.

ಪರ್ಮ್ಯುಟೇಶನ್ನಾ ಕಾಂಬಿನೇಶನ್ನಾ ಅಂತ ಕೇಳುವ ಮೊದಲು ಒಂದು ಪ್ರಶ್ನೆ ಕೇಳಿಕೋ: 'ಇವೆರಡನ್ನು ಅದಲುಬದಲು ಮಾಡಿದರೆ ಹೊಸದೊಂದು ಸಿಗುತ್ತಾ?' ಎಟಿಎಂ ಪಿನ್‌ನಲ್ಲಿ ಸಿಗುತ್ತದೆ. ಕೋಸಂಬರಿಗೆ ಹಾಕುವ ಸಾಮಾನಿನಲ್ಲಿ ಸಿಗುವುದಿಲ್ಲ. ಫಾರ್ಮುಲಾ ಹಾಕುವ ಮೊದಲು ಸಂಖ್ಯೆ ಚಿಕ್ಕದು ಮಾಡಿಕೊಂಡು ಎಲ್ಲವನ್ನೂ ಕೈಯಲ್ಲಿ ಬರೆ. ಹತ್ತು ಜನರ ಬದಲು ಮೂರು ಜನ. ಇದನ್ನು ಬಿಟ್ಟು ಬೇರೆ ದಾರಿ ನನಗೆ ಸಿಕ್ಕಿಲ್ಲ.

ಮೇರು ಪ್ರಸ್ತಾರ

ನಾನು ಕನ್ನಡ ಎಂಎ. ಗಣಿತದವನಲ್ಲ. ಆದರೆ ಈ 1, 4, 6, 4, 1 ನಮ್ಮ ಮನೆಯದೇ, ಹಾಗಾಗಿ ಮಾತಾಡುತ್ತೇನೆ.

ಹೈಸ್ಕೂಲಿನಲ್ಲಿ ಲಘು-ಗುರು ಹಾಕಿದ್ದು ನೆನಪಿದೆಯಾ? ಒಂದು ಅಕ್ಷರ ಲಘು ಅಥವಾ ಗುರು, ಎರಡೇ ದಾರಿ. ಮೂರು ಅಕ್ಷರಕ್ಕೆ 2 × 2 × 2 = 8. ಅದಕ್ಕೇ ಅಕ್ಷರಗಣ ಎಂಟು, ಅದಕ್ಕಿಂತ ಜಾಸ್ತಿಯೂ ಇಲ್ಲ, ಕಮ್ಮಿಯೂ ಇಲ್ಲ. ಎಲ್ಲ ವಿನ್ಯಾಸವನ್ನೂ ಕ್ರಮವಾಗಿ ಬರೆಯುವುದಕ್ಕೆ ಪ್ರಸ್ತಾರ ಅಂತ ಹೆಸರು. ಕ್ರಮ ಇದು: ಮ, ಯ, ರ, ಸ, ತ, ಜ, ಭ, ನ. ಈಗ ಪಟ್ಟಿ ನೋಡದೆ ಆರನೆಯದು ಯಾವುದು ಅಂತ ಹೇಳಬೇಕು. ಇದಕ್ಕೆ ನಷ್ಟ ಅಂತಾರೆ. ಸಂಖ್ಯೆ ಸಮವಾದರೆ ಲಘು ಬರೆದು ಅರ್ಧ ಮಾಡಿ. ಬೆಸವಾದರೆ ಗುರು ಬರೆದು, ಒಂದು ಕೂಡಿಸಿ ಅರ್ಧ ಮಾಡಿ. 6 ಸಮ, ಲಘು, ಉಳಿದದ್ದು 3. 3 ಬೆಸ, ಗುರು, ಒಂದು ಕೂಡಿಸಿ ಅರ್ಧ ಮಾಡಿದರೆ 2. 2 ಸಮ, ಲಘು. ಲಘು-ಗುರು-ಲಘು ಅಂದರೆ ಜಗಣ. ಪಟ್ಟಿಯಲ್ಲಿ ಆರನೆಯದು ಜ. ಸರಿ ಬಂತು. ವಿನ್ಯಾಸ ಕೊಟ್ಟು ಸಂಖ್ಯೆ ಕೇಳುವುದು ಉದ್ದಿಷ್ಟ. ಇದರ ಮೂಲ ಪಿಂಗಳನ ಛಂದಃಸೂತ್ರ, ಛಂದಸ್ಸಿನ ಪ್ರಾಚೀನ ಸಂಸ್ಕೃತ ಗ್ರಂಥ. ನನ್ನ ಮಗಳು ಎಂಜಿನಿಯರಿಂಗ್ ಓದುವಾಗ ಬೈನರಿ ಪರಿವರ್ತನೆ, ಅಂದರೆ ಸಂಖ್ಯೆಯನ್ನು ಅರ್ಧ ಮಾಡುತ್ತಾ 0, 1ರಲ್ಲಿ ಬರೆಯುವುದು, ಮಾಡುತ್ತಿದ್ದಳು. ಪಕ್ಕದಲ್ಲಿ ಕೂತು ನೋಡಿ ಎದ್ದು ನಿಂತುಬಿಟ್ಟೆ.

ನಾಲ್ಕು ಅಕ್ಷರದಲ್ಲಿ ಎರಡು ಗುರು ಇರುವ ವಿನ್ಯಾಸ ಎಷ್ಟು? ಆರು. ಕವಡೆಯದೇ ಲೆಕ್ಕ. ಇದನ್ನು ತ್ರಿಕೋನವಾಗಿ ಜೋಡಿಸುವುದು ಮೇರು ಪ್ರಸ್ತಾರ. 10ನೇ ಶತಮಾನದ ಹಲಾಯುಧ ಪಿಂಗಳನಿಗೆ ಬರೆದ ವ್ಯಾಖ್ಯಾನದಲ್ಲಿ ವಿವರಿಸಿದ್ದಾನೆ. ಪುಸ್ತಕಗಳಲ್ಲಿ ಪ್ಯಾಸ್ಕಲ್ ತ್ರಿಕೋನ ಅಂತ ಇರುತ್ತದೆ.

ನಮ್ಮ ನೆಲದ ಇನ್ನೊಬ್ಬರನ್ನು ನೆನೆಯಲೇಬೇಕು. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದರು. ಆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಆರಿಸುವ ಬಗೆ ಎಷ್ಟು ಅನ್ನುವುದಕ್ಕೆ ಸಾಮಾನ್ಯ ನಿಯಮ ಅದರಲ್ಲಿದೆ. ಅವರು ಕೊಟ್ಟ ಒಂದು ಲೆಕ್ಕ ರುಚಿಯದು. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ. ಇವನ್ನು ಬೆರೆಸುವ ಬಗೆ ಎಷ್ಟು? ಒಂದೊಂದೇ ಆದರೆ 6, ಎರಡೆರಡು 15, ಮೂರು ಮೂರು 20, ನಾಲ್ಕು 15, ಐದು 6, ಆರೂ ಸೇರಿದರೆ 1. ಒಟ್ಟು 63. ತಂಗಿ, 63 ಯಾಕೆ ಬಂತು ಅಂತ ನೀವೇ ಹೇಳಿ.

ಎರಡನೇ ಬೆಂಚು

ಪ್ರತಿ ರುಚಿಯೂ ಇರಬಹುದು ಅಥವಾ ಇಲ್ಲದಿರಬಹುದು. ಎರಡನ್ನು ಆರು ಸಲ ಗುಣಿಸಿದರೆ 64. ಏನೂ ಹಾಕದ್ದು ಒಂದು ಬಗೆ, ಅದನ್ನು ಬಿಟ್ಟರೆ 63. ಸೆಟ್ಟಿನ ಸಬ್‌ಸೆಟ್ ಎಣಿಸುವುದು ಇದೇ ಅಲ್ವಾ? ಆ ಪ್ರಶ್ನೆಗೆ ಇಂಟರ್ನಲ್ಸ್‌ನಲ್ಲಿ ಉತ್ತರ ಬರೆದಿರಲಿಲ್ಲ!

ಕವಡೆ

ಅದೇ. ಖಾಲಿ ಸೆಟ್ ಅನ್ನುವುದು ಏನೂ ಹಾಕದ ಪಾತ್ರೆ.

ರಾತ್ರಿ ಪಾಳಿ

ಮೇರು ಪ್ರಸ್ತಾರ ಸರ್, ಇದಕ್ಕೆ ಒಂದು ಸೇರಿಸಬೇಕು. 'ಯಮಾತಾರಾಜಭಾನಸಲಗಂ' ಅಂತ ಗಣ ನೆನಪಿಡಲು ಹೇಳಿಕೊಡುತ್ತಾರಲ್ಲ? ಅದರ ಲಘು-ಗುರು ಬರೆಯಿರಿ: ಲ ಗು ಗು ಗು ಲ ಗು ಲ ಲ ಲ ಗು. ಹತ್ತೇ ಅಕ್ಷರ. ಮೊದಲ ಅಕ್ಷರದಿಂದ ಮೂರು ತೆಗೆದರೆ ಯಗಣ, ಎರಡನೆಯದರಿಂದ ಮೂರು ತೆಗೆದರೆ ಮಗಣ, ಹೀಗೆ ಎಂಟೂ ಗಣ ಒಂದೊಂದು ಸಲ ಬಂದು ಹೋಗುತ್ತವೆ. ಯಾವುದೂ ಎರಡು ಸಲ ಬರಲ್ಲ. ಕೊನೆಯ ಎರಡು ಅಕ್ಷರ 'ಲ ಗು', ಮೊದಲ ಎರಡೂ 'ಲ ಗು'. ಒಂದರ ಮೇಲೊಂದು ಕೂರಿಸಿದರೆ ಎಂಟು ಅಕ್ಷರದ ಬಳೆ ಆಗುತ್ತದೆ. ಕಂಪ್ಯೂಟರ್ ಸೈನ್ಸ್‌ನಲ್ಲಿ ಇಂಥ ಬಳೆಗೆ ಡಿ ಬ್ರೂಯ್ನ್ ಸೀಕ್ವೆನ್ಸ್ ಅಂತಾರೆ. ಜೀನೋಮ್‌ನ ತುಣುಕು ಜೋಡಿಸುವ ಪ್ರೋಗ್ರಾಂಗಳಲ್ಲಿ ಇದೇ ಜಾತಿಯ ಗ್ರಾಫ್ ಬಳಸುತ್ತಾರೆ.

ಹೊಸ ಓದುಗ

ಹಾಗಾದರೆ ಕಂಪ್ಯೂಟರ್ ನಮ್ಮ ಪೂರ್ವಿಕರೇ ಕಂಡುಹಿಡಿದರು ಅಂತ ಆಯ್ತಲ್ಲ?

ಮೇರು ಪ್ರಸ್ತಾರ

ಇಲ್ಲಪ್ಪಾ, ಅಷ್ಟು ದೂರ ಹೋಗುವುದು ಬೇಡ. ಪಿಂಗಳನಿಗೆ ಬೇಕಾಗಿದ್ದದ್ದು ಛಂದಸ್ಸು. ವಿನ್ಯಾಸ ಎಣಿಸುವ, ಹುಡುಕುವ ದಾರಿ ಕಂಡುಕೊಂಡ. ಅದು ದೊಡ್ಡದು, ಅದನ್ನು ಅಷ್ಟಕ್ಕೇ ಹೊಗಳೋಣ.

ಗೆರೆ ಚುಕ್ಕಿ

ಹೌದು. ನಿಜ-ಸುಳ್ಳನ್ನು ಬೀಜಗಣಿತದ ಹಾಗೆ ಲೆಕ್ಕ ಮಾಡುವ ಪುಸ್ತಕವನ್ನು ಜಾರ್ಜ್ ಬೂಲ್ 1854ರಲ್ಲಿ ತಂದರು. ಸ್ವಿಚ್ಚು, ರಿಲೇಗಳಿಗೆ ಅದು ಹೊಂದುತ್ತದೆ ಅಂತ ಕ್ಲಾಡ್ ಶಾನನ್ 1937ರಲ್ಲಿ ತಮ್ಮ ಮಾಸ್ಟರ್ಸ್ ಪ್ರಬಂಧದಲ್ಲಿ ತೋರಿಸಿದರು. ಯಂತ್ರದ ಕಥೆಗೆ ಆ ಕೊಂಡಿಯೂ ಬೇಕು.

ಈಗ ಇಂಡಕ್ಷನ್. ಚುಕ್ಕಿ ರಂಗೋಲಿ ಹಾಕುವವರು ಇದನ್ನು ಕಣ್ಣಲ್ಲೇ ನೋಡಬಹುದು. 1, 3, 5, 7 ಅಂತ ಸಾಲು ಏರಿ, ಮತ್ತೆ 5, 3, 1 ಅಂತ ಇಳಿಯುವ ರಂಗೋಲಿ ಇಡಿ. ಎಷ್ಟು ಚುಕ್ಕಿ? ಏರುವ ಭಾಗ 1 + 3 + 5 + 7 = 16. ಇಳಿಯುವ ಭಾಗ 9. ಒಟ್ಟು 25. 16 ಅಂದರೆ 4ರ ವರ್ಗ, 9 ಅಂದರೆ 3ರ ವರ್ಗ. ಮೊದಲ ಎನ್ ಬೆಸ ಸಂಖ್ಯೆ ಕೂಡಿದರೆ ಎನ್‌ನ ವರ್ಗ ಬರುತ್ತದೆ ಅಂತ ಅನುಮಾನ ಬರುತ್ತದೆ, ಅಲ್ವಾ?

ನಿಮ್ಮ ಪ್ರಶ್ನೆ, 'ಸಾಧಿಸಬೇಕಾದದ್ದನ್ನೇ ನಂಬಿದ ಹಾಗಲ್ಲವೇ' ಅಂತ. ಅಲ್ಲ. ನೀವು ಸಾಧಿಸುತ್ತಿರುವುದು ಒಂದು 'ಆದರೆ' ವಾಕ್ಯ ಮಾತ್ರ: ಕೆ ಸಾಲಿನವರೆಗೆ ಕೆ ವರ್ಗ ಬಂದಿದ್ದರೆ, ಮುಂದಿನ ಸಾಲು ಸೇರಿದಾಗ ಕೆ + 1ರ ವರ್ಗ ಬರುತ್ತದೆ. ಬಂದಿದೆಯೋ ಇಲ್ಲವೋ ಅಂತ ಇಲ್ಲಿ ಹೇಳುತ್ತಲೇ ಇಲ್ಲ. ಬಸ್ಸಿನ ನಿಯಮ ಓದುವಾಗ ಬಸ್ಸಿನಲ್ಲಿ ದೊಡ್ಡವರು ಇದ್ದಾರೆ ಅಂತ ಹೇಳಿದ ಹಾಗಾಗಲಿಲ್ಲವಲ್ಲ, ಹಾಗೆ. ಕೆ ವರ್ಗಕ್ಕೆ ಮುಂದಿನ ಬೆಸ ಸಂಖ್ಯೆ 2ಕೆ + 1 ಸೇರಿಸಿ. ಅದು ಕೆ + 1ರ ವರ್ಗವೇ. ಆಮೇಲೆ ಒಂದನೇ ಸಾಲಿನಲ್ಲಿ ನಿಂತು 1 = 1ರ ವರ್ಗ ಅಂತ ತೋರಿಸಿ. ಆಗ ಮಾತ್ರ ಸರಪಳಿ ಎಳೆದುಕೊಂಡು ಹೋಗುತ್ತದೆ.

ಕವಡೆ

ಚಿಕ್ಕ ಸಂಖ್ಯೆ ಕೈಯಲ್ಲಿ ಬರೆ ಅಂದೆ. ಅದನ್ನೇ ಸಾಧನೆ ಅಂದುಕೊಳ್ಳಬೇಡ, ಅದಕ್ಕೆ ಒಂದು ಉದಾಹರಣೆ. ವೃತ್ತದ ಮೇಲೆ ಚುಕ್ಕಿ ಇಟ್ಟು, ಪ್ರತಿ ಎರಡು ಚುಕ್ಕಿಗೂ ಗೆರೆ ಎಳೆ. ಒಳಗೆ ಮೂರು ಗೆರೆ ಒಂದೇ ಕಡೆ ಕೂಡದ ಹಾಗೆ ನೋಡಿಕೋ. ಒಂದು ಚುಕ್ಕಿಗೆ 1 ಭಾಗ, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರಕ್ಕೆ 32 ಅಂತ ಯಾರಾದರೂ ಹೇಳುತ್ತಾರೆ. ಎಳೆದು ಎಣಿಸು. 31.

ಎರಡನೇ ಬೆಂಚು

ಎರಡು ಸಲ ಎಳೆದೆ. 31. ಇದನ್ನು ನೋಡಿದ ಮೇಲೆ ಇಂಡಕ್ಷನ್ ಯಾಕೆ ಬೇಕು ಅಂತ ಗೊತ್ತಾಯಿತು.

ಬೆಳಗಿನ ಬಸ್ಸು

ಗ್ರಾಫ್ ಬಗ್ಗೆ ಯಾರೂ ಹೇಳಲಿಲ್ಲ, ಅದು ನನಗೆ ಅರ್ಥವಾಗಿದ್ದ ಒಂದೇ ಪಾಠ. ಬೆಂಗಳೂರು ಮೆಟ್ರೋದ ಮೂರು ಮಾರ್ಗ ತಗೊಳ್ಳಿ. ನೇರಳೆ ಮತ್ತು ಹಸಿರು ಮೆಜೆಸ್ಟಿಕ್‌ನಲ್ಲಿ ಸೇರುತ್ತವೆ. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ, ಆರ್‌ವಿ ರಸ್ತೆಯಲ್ಲಿ ಹಸಿರಿಗೆ ಸೇರುತ್ತದೆ. ನಿಲ್ದಾಣ ಅಂದರೆ ವರ್ಟೆಕ್ಸ್, ಪಕ್ಕಪಕ್ಕದ ನಿಲ್ದಾಣದ ನಡುವಿನ ಹಳಿ ಎಡ್ಜ್. ಈ ಮೂರೇ ಇದ್ದರೆ ಅದು ಟ್ರೀ. ಯಾವ ಎರಡು ನಿಲ್ದಾಣಕ್ಕೂ ಒಂದೇ ದಾರಿ. ಎಡ್ಜ್‌ಗಳು ವರ್ಟೆಕ್ಸ್‌ಗಿಂತ ಒಂದು ಕಮ್ಮಿ. ನಡುವೆ ಎಲ್ಲಿ ಹಳಿ ಕೆಟ್ಟರೂ ಜಾಲ ಎರಡು ತುಂಡು.

ಈಗ ಗುಲಾಬಿ ಮಾರ್ಗವನ್ನು ಸೇರಿಸಿ ಬರೆಯಿರಿ. ಅದು ಜಯದೇವದಲ್ಲಿ ಹಳದಿಯನ್ನೂ ಎಂಜಿ ರಸ್ತೆಯಲ್ಲಿ ನೇರಳೆಯನ್ನೂ ಮುಟ್ಟುತ್ತದೆ. ಎಂಜಿ ರಸ್ತೆ, ಮೆಜೆಸ್ಟಿಕ್, ಆರ್‌ವಿ ರಸ್ತೆ, ಜಯದೇವ, ಮತ್ತೆ ಎಂಜಿ ರಸ್ತೆ. ಸುತ್ತು ಮುಗಿಯಿತು, ಒಂದು ಸೈಕಲ್ ಹುಟ್ಟಿತು. ಎಡ್ಜ್ ಮತ್ತು ವರ್ಟೆಕ್ಸ್ ಸಮ ಆದವು. ಆ ಸುತ್ತಿನ ಮೇಲೆ ಒಂದು ಕಡೆ ಹಳಿ ಕೆಟ್ಟರೆ ಇನ್ನೊಂದು ಕಡೆಯಿಂದ ಹೋಗಬಹುದು.

ಹೊಸ ಓದುಗ

ಗ್ರೂಪ್ ಥಿಯರಿಯೂ ಸಿಲೆಬಸ್‌ನಲ್ಲಿದೆ. ಅದು ನಿಜವಾಗಿಯೂ ಎಲ್ಲಾದರೂ ಕೆಲಸಕ್ಕೆ ಬರುತ್ತಾ?

ರಾತ್ರಿ ಪಾಳಿ

ನಿಮ್ಮ ಆಧಾರ್ ಕಾರ್ಡಿನಲ್ಲೇ ಇದೆ. 12 ಅಂಕಿಯಲ್ಲಿ ಕೊನೆಯದು ಚೆಕ್ ಅಂಕಿ. ಮೊದಲ 11 ಅಂಕಿಯಿಂದ ಲೆಕ್ಕ ಹಾಕಿ ಬರುವುದು. ಅದಕ್ಕೆ ಬಳಸುವುದು ಡಚ್ ಗಣಿತಜ್ಞ ವೆರ್ಹೂಫ್ 1969ರಲ್ಲಿ ಕೊಟ್ಟ ವಿಧಾನ. ಬಾಹುಗಳೂ ಕೋನಗಳೂ ಸಮವಾದ ಪಂಚಭುಜವನ್ನು ತಿರುಗಿಸುವ, ಮಗುಚುವ ಹತ್ತು ಬಗೆಗಳಿಗೆ 0ಯಿಂದ 9ರವರೆಗೆ ಹೆಸರಿಟ್ಟು ಅವುಗಳನ್ನು 'ಗುಣಿಸು'ತ್ತಾರೆ, ಅಂದರೆ ಒಂದಾದ ಮೇಲೊಂದು ಮಾಡುತ್ತಾರೆ. ಈ ಹತ್ತು ಬಗೆ ಸೇರಿ ಒಂದು ಗ್ರೂಪ್. ಮೊದಲು ತಿರುಗಿಸಿ ಆಮೇಲೆ ಮಗುಚಿದರೂ, ಮೊದಲು ಮಗುಚಿ ಆಮೇಲೆ ತಿರುಗಿಸಿದರೂ ಒಂದೇ ಬರುವುದಿಲ್ಲ. ಕ್ರಮ ಬದಲಾದರೆ ಉತ್ತರ ಬದಲಾಗುತ್ತದೆ. ಈ ಗುಣದ ನೆರವಿನಿಂದ, ಯಾರಾದರೂ ಪಕ್ಕಪಕ್ಕದ ಎರಡು ಅಂಕಿ ಅದಲುಬದಲು ಮಾಡಿ ಟೈಪ್ ಮಾಡಿದರೆ ಸಿಕ್ಕಿಬೀಳುತ್ತದೆ. ಒಂದು ಅಂಕಿ ತಪ್ಪಿದರೂ ಸಿಕ್ಕಿಬೀಳುತ್ತದೆ. ಬ್ಯಾಂಕ್ ಕಾರ್ಡಿನ ಲೂನ್ ವಿಧಾನ 09 ಮತ್ತು 90 ಅದಲುಬದಲಾದರೆ ಹಿಡಿಯುವುದಿಲ್ಲ.

ಎರಡನೇ ಬೆಂಚು

ಒಂಬತ್ತು ದಿನ ಆಯಿತು. ಒಂದು ಸಾಧನೆ ನಾನೇ ಬರೆದಿದ್ದೇನೆ. ತಪ್ಪು ಹುಡುಕಿ ಕೊಡಿ.

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಎನ್ ಮಾತ್ರೆಯ ಸಾಲಿಗೆ ವಿನ್ಯಾಸ ಎಷ್ಟು? ಕೈಯಲ್ಲಿ ಬರೆದೆ: ಮೂರು ಮಾತ್ರೆಗೆ 3, ನಾಲ್ಕಕ್ಕೆ 5, ಐದಕ್ಕೆ 8. ಆಮೇಲೆ ಕಾರಣ ಹುಡುಕಿದೆ. ಕೊನೆಯ ಅಕ್ಷರ ಲಘುವೋ ಗುರುವೋ ಆಗಿರಬೇಕು. ಲಘುವಾದರೆ ಅದಕ್ಕೆ ಮೊದಲು ಉಳಿದದ್ದು ಎನ್ − 1 ಮಾತ್ರೆ. ಗುರುವಾದರೆ ಎನ್ − 2. ಹಾಗಾಗಿ ಹಿಂದಿನ ಎರಡನ್ನು ಕೂಡಿದರೆ ಸಿಗುತ್ತದೆ.

ಸಾಧಿಸಬೇಕಾದದ್ದು: ಎನ್ ಮಾತ್ರೆಯ ವಿನ್ಯಾಸಗಳು ಎನ್ ಸಲ ಎರಡನ್ನು ಗುಣಿಸಿದ್ದಕ್ಕಿಂತ ಯಾವಾಗಲೂ ಕಡಿಮೆ. ಮೊದಲ ಹೆಜ್ಜೆ: ಒಂದು ಮಾತ್ರೆಗೆ 1 ವಿನ್ಯಾಸ, ಅದು 2ಕ್ಕಿಂತ ಕಡಿಮೆ. ಮುಂದಿನ ಹೆಜ್ಜೆ: ಹಿಂದಿನ ಎರಡಕ್ಕೂ ಈ ಮಾತು ನಿಜವಾಗಿದ್ದರೆ, ಅವುಗಳ ಮೊತ್ತ 2ರ ಎನ್ − 1ನೇ ಘಾತ ಮತ್ತು 2ರ ಎನ್ − 2ನೇ ಘಾತದ ಮೊತ್ತಕ್ಕಿಂತ ಕಡಿಮೆ. ಅದು 2ರ ಎನ್‌ನೇ ಘಾತಕ್ಕಿಂತ ಕಡಿಮೆ. ಆದ್ದರಿಂದ ಎಲ್ಲ ಎನ್‌ಗೂ ನಿಜ.

ಮೇರು ಪ್ರಸ್ತಾರ

ತಪ್ಪು ಹುಡುಕುವುದು ಮೇಡಂಗೆ ಬಿಟ್ಟದ್ದು. ನಾನು ಇಷ್ಟು ಹೇಳುತ್ತೇನೆ: 1, 2, 3, 5, 8 ಅನ್ನುವ ಈ ಸಾಲನ್ನು ಮಾತ್ರೆ ಎಣಿಸುತ್ತಲೇ 12ನೇ ಶತಮಾನದಲ್ಲಿ ಜೈನ ವಿದ್ವಾಂಸ ಹೇಮಚಂದ್ರ ಹೇಳಿದ್ದಾನೆ. ನಿಯಮವೂ ನಿಮ್ಮದೇ, ಹಿಂದಿನ ಎರಡನ್ನು ಕೂಡುವುದು. ಈ ಸಾಲಿಗೆ ಈಗ ಯಾರ ಹೆಸರಿದೆಯೋ ಆ ಫಿಬೊನಾಚಿಯ ಪುಸ್ತಕ ಬಂದದ್ದು 1202ರಲ್ಲಿ. ಕಂದಪದ್ಯದ ನಾಲ್ಕು ಮಾತ್ರೆಯ ಗಣ ಐದೇ ಬಗೆ ಯಾಕೆ ಅಂತ ನಿಮ್ಮ ಲೆಕ್ಕದಲ್ಲಿ ಸಿಕ್ಕಿತು.

ಗೆರೆ ಚುಕ್ಕಿ

ಚೆನ್ನಾಗಿ ಬರೆದಿದ್ದೀರಿ. ವಾಕ್ಯಗಳು ಪೂರ್ತಿ ಇವೆ, ಯಾವ ಹೆಜ್ಜೆ ಯಾವುದರಿಂದ ಬಂತು ಅಂತ ಕಾಣುತ್ತದೆ. ಒಂದು ಕಡೆ ಸರಪಳಿ ಬಿಟ್ಟಿದೆ. ನಿಮ್ಮ ಮುಂದಿನ ಹೆಜ್ಜೆ 'ಹಿಂದಿನ ಎರಡನ್ನು' ಕೇಳುತ್ತದೆ. ಎನ್ 2 ಆದಾಗ ಹಿಂದಿನ ಎರಡು ಯಾವುವು? ಒಂದು ಮಾತ್ರೆಯದು ಇದೆ. ಇನ್ನೊಂದು?

ಎರಡನೇ ಬೆಂಚು

ಇಲ್ಲ ಮೇಡಂ. ಎರಡು ಮಾತ್ರೆಯನ್ನು ನಾನೇ ಕೈಯಲ್ಲಿ ತೋರಿಸಬೇಕಿತ್ತು. ಸೇರಿಸುತ್ತಿದ್ದೇನೆ. ಎರಡು ಮಾತ್ರೆ: ಒಂದು ಗುರು, ಇಲ್ಲವೇ ಎರಡು ಲಘು. ವಿನ್ಯಾಸ 2, ಅದು 4ಕ್ಕಿಂತ ಕಡಿಮೆ. ಈಗ ಮೂರರಿಂದ ಮುಂದಕ್ಕೆ ಹೋಗಬಹುದು.